ಮೌಸ್ ಬಿಟ್ಟು ಬರೆಯೋಣ: ಈಮ್ಯಾಕ್ಸ್‌ಗೆ ಹೊಸಬರೇ? ಇಲ್ಲಿಂದ ಶುರು ಮಾಡಿ

ದಿನಕ್ಕೆ ಎಂಟೊಂಬತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂತು ನಾವು ಮಾಡೋದೇನು? ಬಹುಪಾಲು ಬರೆಯೋದೇ. ಕೋಡ್, ಮೇಲ್, ರಿಪೋರ್ಟ್, ಮೀಟಿಂಗ್ ಟಿಪ್ಪಣಿ. ಆದರೆ ಬರೆಯುವ ಆ್ಯಪ್ ಹೇಗಿರಬೇಕು ಅನ್ನೋದನ್ನ ತೀರ್ಮಾನಿಸೋದು ಬೇರೆ ಯಾರೋ. ಒಂದು ಅಪ್‌ಡೇಟ್ ಬಂದರೆ ಬಟನ್ ಜಾಗ ಬದಲು, ಇನ್ನೊಂದು ಬಂದರೆ ಪುಕ್ಕಟೆ ಇದ್ದದ್ದಕ್ಕೆ ದುಡ್ಡು. ನಾನು ಬಳಸುತ್ತಿದ್ದ ನೋಟ್ಸ್ ಆ್ಯಪ್ ಒಂದು ಹೀಗೇ ಮಾಡಿದ ಮೇಲೆ ಈಮ್ಯಾಕ್ಸ್ ಕಡೆ ತಿರುಗಿದೆ. ಈಗ ನನ್ನ ಅರ್ಧ ಆಫೀಸು ಅದರೊಳಗೇ ಇದೆ.

ಅಜ್ಜನ ಕಾಲದ್ದಲ್ವಾ?

ಹೌದು, ಹಳೆಯದೇ. 1976ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಹುಟ್ಟಿತು. ರಿಚರ್ಡ್ ಸ್ಟಾಲ್ಮನ್ ಅದನ್ನು ಹೊಸದಾಗಿ ಬರೆದು, 1985ರಲ್ಲಿ ಗ್ನೂ ಈಮ್ಯಾಕ್ಸ್ ಹೆಸರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಹೊಸ ಆವೃತ್ತಿಗಳು ಇವತ್ತಿಗೂ ಬರುತ್ತಲೇ ಇವೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತೆ, ಒಂದು ಪೈಸೆ ಖರ್ಚಿಲ್ಲ.

ಮೊದಲ ದಿನಕ್ಕೆ ಐದೇ ಕೀ

ಈಮ್ಯಾಕ್ಸ್‌ನ ಪಾಠಗಳಲ್ಲಿ 'ಸಿ' ಅಂದರೆ ಕಂಟ್ರೋಲ್, 'ಎಂ' ಅಂದರೆ ಆಲ್ಟ್. ಇಷ್ಟು ಗೊತ್ತಿದ್ದರೆ ಅರ್ಧ ಹೆದರಿಕೆ ಹೋಯ್ತು.

• ಕಂಟ್ರೋಲ್-ಎಕ್ಸ್, ಕಂಟ್ರೋಲ್-ಎಫ್: ಫೈಲ್ ತೆರೆಯಲು
• ಕಂಟ್ರೋಲ್-ಎಕ್ಸ್, ಕಂಟ್ರೋಲ್-ಎಸ್: ಸೇವ್ ಮಾಡಲು
• ಕಂಟ್ರೋಲ್-ಸ್ಲ್ಯಾಷ್: ಮಾಡಿದ್ದನ್ನು ರದ್ದು ಮಾಡಲು
• ಕಂಟ್ರೋಲ್-ಜಿ: ಏನೋ ಒತ್ತಿ ಸಿಕ್ಕಿಹಾಕಿಕೊಂಡರೆ ಹೊರಬರಲು
• ಕಂಟ್ರೋಲ್-ಎಕ್ಸ್, ಕಂಟ್ರೋಲ್-ಸಿ: ಮುಚ್ಚಲು

ಇವುಗಳಲ್ಲಿ ಮುಖ್ಯವಾದದ್ದು ಕಂಟ್ರೋಲ್-ಜಿ. ಅದು ನೆನಪಿದ್ದರೆ ಉಳಿದದ್ದನ್ನು ಧೈರ್ಯವಾಗಿ ಒತ್ತಿ ನೋಡಬಹುದು.

ಕಾಪಿ-ಪೇಸ್ಟ್ ಮಾತ್ರ ಇಲ್ಲಿ ಬೇರೆ ಥರ: ಕಾಪಿಗೆ ಆಲ್ಟ್-ಡಬ್ಲ್ಯೂ, ಪೇಸ್ಟ್‌ಗೆ ಕಂಟ್ರೋಲ್-ವೈ. ಕೈ ಕೇಳದಿದ್ದರೆ ಆಪ್ಷನ್ಸ್ ಮೆನುವಿನಲ್ಲಿ 'ಸಿಯುಎ' ಅಂತಿರುವುದಕ್ಕೆ ಟಿಕ್ ಹಾಕಿ. ಸೆಲೆಕ್ಟ್ ಮಾಡಿದ ಪಠ್ಯಕ್ಕೆ ಹಳೆಯ ಕಂಟ್ರೋಲ್-ಸಿ, ಕಂಟ್ರೋಲ್-ವಿ ಮರಳಿ ಬರುತ್ತವೆ. ಬಾಣದ ಕೀಗಳೂ ಮೌಸೂ ಮೊದಲಿನಂತೆಯೇ ಕೆಲಸ ಮಾಡುತ್ತವೆ. ಒಂದೇ ದಿನದಲ್ಲಿ ಎಲ್ಲ ಬಿಡಬೇಕಿಲ್ಲ.

ಅದನ್ನೇ ಕೇಳಿ

ನನಗೆ ತುಂಬಾ ಹಿಡಿಸಿದ್ದು ಇದು: ಕಂಟ್ರೋಲ್-ಎಚ್ ಒತ್ತಿ, ಆಮೇಲೆ ಕೆ ಒತ್ತಿ, ನಂತರ ಯಾವುದೇ ಕೀ ಒತ್ತಿ. ಆ ಕೀ ಏನು ಮಾಡುತ್ತೆ ಅಂತ ಈಮ್ಯಾಕ್ಸೇ ವಿವರಿಸುತ್ತೆ. ಇಷ್ಟವಾಗದಿದ್ದರೆ ಆ ಕೀಗೆ ಬೇರೆ ಕೆಲಸ ಕೊಡಬಹುದು. ಅಕ್ಷರದ ಗಾತ್ರ, ಬಣ್ಣ, ಸಾಲಿನ ಸಂಖ್ಯೆ ಎಲ್ಲವೂ ಹಾಗೇ. ನೀವು ಉಳಿಸಿದ ಬದಲಾವಣೆಗಳು ಒಂದು ಫೈಲಿನಲ್ಲಿ ಕೂರುತ್ತವೆ. ಹೊಸ ಲ್ಯಾಪ್‌ಟಾಪ್ ಬಂದಾಗ ಆ ಫೈಲನ್ನು ಕಾಪಿ ಮಾಡಿಕೊಂಡರೆ ನಿಮ್ಮ ಹಳೆಯ ಸಂಸಾರವೂ ಜೊತೆಗೇ ಬಂತು.

ಟಿಪ್ಪಣಿಗೆ ಆರ್ಗ್ ಮೋಡ್

ಕೋಡ್ ಬರೆಯದವರಿಗೂ ಈಮ್ಯಾಕ್ಸ್ ಬೇಕಾಗೋದು ಇದಕ್ಕಾಗಿ. ಖಗೋಳ ವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ಶುರು ಮಾಡಿದ್ದು. ಸಾಲಿನ ಮೊದಲಿಗೆ ಒಂದು ನಕ್ಷತ್ರ ಚಿಹ್ನೆ, ಒಂದು ಸ್ಪೇಸ್ ಹಾಕಿದರೆ ಅದು ಶೀರ್ಷಿಕೆ, ಎರಡು ನಕ್ಷತ್ರ ಹಾಕಿದರೆ ಉಪಶೀರ್ಷಿಕೆ. ಟ್ಯಾಬ್ ಒತ್ತಿದರೆ ಮಡಚಿಕೊಳ್ಳುತ್ತೆ, ಮತ್ತೆ ಒತ್ತಿದರೆ ಬಿಚ್ಚಿಕೊಳ್ಳುತ್ತೆ. ಶೀರ್ಷಿಕೆಯ ಮೇಲೆ ಕಂಟ್ರೋಲ್-ಸಿ, ಕಂಟ್ರೋಲ್-ಟಿ ಒತ್ತಿದರೆ ಅದು ಮಾಡಬೇಕಾದ ಕೆಲಸ, ಇನ್ನೊಮ್ಮೆ ಒತ್ತಿದರೆ ಮುಗಿದ ಕೆಲಸ. ಇದೆಲ್ಲ ಇರೋದು ಸಾದಾ ಪಠ್ಯದ ಫೈಲಿನಲ್ಲಿ. ನಾಳೆ ಈಮ್ಯಾಕ್ಸ್ ಬೇಡ ಅನ್ನಿಸಿದರೂ ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ನಿಮ್ಮ ಬರಹಕ್ಕೆ ಬೇರೆಯವರು ಬೀಗ ಹಾಕೋಕಾಗಲ್ಲ.

ಕನ್ನಡ ಬರುತ್ತಾ?

ಕಂಟ್ರೋಲ್-ಎಚ್ ಒತ್ತಿ, ಆಮೇಲೆ ಎಚ್ ಒತ್ತಿ. ಜಗತ್ತಿನ ಹಲವು ಭಾಷೆಗಳ ಶುಭಾಶಯಗಳ ಪಟ್ಟಿ ತೆರೆದುಕೊಳ್ಳುತ್ತೆ. ಅದರಲ್ಲಿ ನಮ್ಮ 'ನಮಸ್ಕಾರ'ವೂ ಇದೆ. ಟೈಪ್ ಮಾಡೋಕೆ ಕಂಟ್ರೋಲ್-ಎಕ್ಸ್, ಎಂಟರ್, ಕಂಟ್ರೋಲ್-ಬ್ಯಾಕ್‌ಸ್ಲ್ಯಾಷ್ ಒತ್ತಿ, ಇಂಗ್ಲಿಷ್ ಅಕ್ಷರಗಳಲ್ಲಿ 'ಕನ್ನಡ' ಅಂತ ಬರೆದು ಟ್ಯಾಬ್ ಒತ್ತಿ. ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಆಯ್ಕೆಗಳು ಬರುತ್ತವೆ. ಆಮೇಲೆ ಕನ್ನಡ-ಇಂಗ್ಲಿಷ್ ನಡುವೆ ಓಡಾಡಲು ಕಂಟ್ರೋಲ್-ಬ್ಯಾಕ್‌ಸ್ಲ್ಯಾಷ್ ಒಂದೇ ಸಾಕು.

ಕಷ್ಟಗಳೂ ಇವೆ

ಶುರುವಿನಲ್ಲಿ ನಿಮ್ಮ ವೇಗ ಕಡಿಮೆಯಾಗುತ್ತೆ. ಡೆಡ್‌ಲೈನ್ ಇರುವ ವಾರ ಕೈ ಹಾಕಬೇಡಿ. ಕಂಟ್ರೋಲ್ ಒತ್ತಿ ಒತ್ತಿ ಕಿರುಬೆರಳು ನೋಯಬಹುದು. ನಾನು ಕ್ಯಾಪ್ಸ್ ಲಾಕನ್ನೇ ಕಂಟ್ರೋಲ್ ಆಗಿ ಬದಲಿಸಿಕೊಂಡಿದ್ದೇನೆ. ವಾರಕ್ಕೊಂದು ಪತ್ರ ಬರೆಯುವವರಿಗೆ ಇಷ್ಟೆಲ್ಲ ಬೇಕಾಗಿಯೂ ಇಲ್ಲ. ದಿನವಿಡೀ ಬರೆಯುವವರಿಗೆ ಮಾತ್ರ ಪಟ್ಟ ಶ್ರಮ ಖಂಡಿತ ವಾಪಸ್ ಬರುತ್ತೆ.

ಭಾನುವಾರ ಬೆಳಿಗ್ಗೆ ಕಾಫಿ ಹಿಡಿದು ಕೂತು, ಈಮ್ಯಾಕ್ಸ್ ತೆರೆದು ಕಂಟ್ರೋಲ್-ಎಚ್, ಆಮೇಲೆ ಟಿ ಒತ್ತಿ. ಒಳಗೇ ಒಂದು ಪಾಠವಿದೆ, ಓದುತ್ತಾ ಕೈಯಲ್ಲೇ ಮಾಡುತ್ತಾ ಹೋಗಬಹುದು. ಮುಗಿದ ಮೇಲೆ ಸೋಮವಾರದ ಕೆಲಸಗಳ ಪಟ್ಟಿಯನ್ನು ಅಲ್ಲೇ ಬರೆದು ನೋಡಿ.