ಹಲವು ಸರ್ವರ್‌ಗಳಿಗೆ ಒಂದೇ ಕಟ್ಟಳೆ

ಒಂದು ಗಣಕಯಂತ್ರವನ್ನು ಸುಸ್ಥಿತಿಯಲ್ಲಿಡುವುದು ಸುಲಭ. ನೂರು ಗಣಕಯಂತ್ರಗಳನ್ನು ಒಂದೇ ಸ್ಥಿತಿಯಲ್ಲಿಡುವುದು ಕಠಿಣ. ಅನೇಕರಿಗೆ ಏಕಕಾಲದಲ್ಲಿ ಸೇವೆ ಒದಗಿಸುವ ಗಣಕಯಂತ್ರವನ್ನು ಸರ್ವರ್ ಎನ್ನುತ್ತಾರೆ. ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯಿಂದ ನಡೆಯುವ ಸರ್ವರ್‌ಗಳು ದೊಡ್ಡ ಸಂಸ್ಥೆಗಳಲ್ಲಿ ನೂರಾರು ಇರುತ್ತವೆ. ಒಂದೊಂದಕ್ಕೂ ಕೈಯಿಂದಲೇ ಆಜ್ಞೆ ಕೊಡುತ್ತ ಹೋದರೆ ಎಲ್ಲಿಯಾದರೂ ಕಣ್ತಪ್ಪು ಆಗದಿರದು.

ಆ ಕಣ್ತಪ್ಪಿನ ಬೆಲೆ ಎಷ್ಟೆಂಬುದನ್ನು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯಾಪಾರ ಸಂಸ್ಥೆ ಅನುಭವದಿಂದ ಅರಿಯಿತು. ಅದರ ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಮಾತ್ರ ಹೊಸ ಪ್ರೋಗ್ರಾಮನ್ನು ಅಳವಡಿಸಲಾಗಿತ್ತು. ಎಂಟನೆಯದರಲ್ಲಿ ಹಳೆಯದೇ ಉಳಿದಿತ್ತು. 2012ರ ಆಗಸ್ಟ್ 1ರಂದು ಆ ಒಂದು ಸರ್ವರ್ ಲಕ್ಷಗಟ್ಟಲೆ ತಪ್ಪು ಬೇಡಿಕೆಗಳನ್ನು ಮಾರುಕಟ್ಟೆಗೆ ಕಳುಹಿಸಿತು. ಸುಮಾರು 45 ನಿಮಿಷಗಳ ಆ ಅವಾಂತರದಿಂದ ಸಂಸ್ಥೆಗೆ ಒದಗಿದ ನಷ್ಟ 46 ಕೋಟಿ ಡಾಲರಿಗೂ ಹೆಚ್ಚು.

ಇಂತಹ ವ್ಯತ್ಯಾಸಗಳನ್ನು ತಡೆಯುವುದಕ್ಕೆಂದೇ ಸಂರಚನಾ ನಿರ್ವಹಣೆಯ ಸಾಧನಗಳು ಹುಟ್ಟಿದವು. 1993ರಲ್ಲಿ ಮಾರ್ಕ್ ಬರ್ಜೆಸ್ ಎಂಬ ಭೌತವಿಜ್ಞಾನಿ ನಾರ್ವೆಯ ಓಸ್ಲೋ ವಿಶ್ವವಿದ್ಯಾನಿಲಯದಲ್ಲಿ ಸಿಎಫ್‌ಎಂಜಿನ್ ಎಂಬ ಸಾಧನವನ್ನು ರಚಿಸಿದನು. ಮುಂದೆ 2005ರಲ್ಲಿ ಪಪೆಟ್, 2009ರಲ್ಲಿ ಶೆಫ್, 2012ರಲ್ಲಿ ಆನ್ಸಿಬಲ್ ಬಂದವು. ಇವುಗಳ ಮೂಲತತ್ತ್ವ ಒಂದೇ: ಮಾಡಬೇಕಾದ ಕ್ರಿಯೆಗಿಂತ ಇರಬೇಕಾದ ಸ್ಥಿತಿಯನ್ನು ಬರೆದಿಡುವುದು. "ದೀಪದ ಗುಂಡಿಯನ್ನು ಒತ್ತು" ಎಂಬ ಆಜ್ಞೆಯನ್ನು ಎರಡು ಬಾರಿ ಪಾಲಿಸಿದರೆ ಹತ್ತಿದ ದೀಪ ಆರಿಹೋಗುತ್ತದೆ. "ದೀಪ ಉರಿಯುತ್ತಿರಲಿ" ಎಂಬ ಕಟ್ಟಳೆಯನ್ನು ನೂರು ಬಾರಿ ಪಾಲಿಸಿದರೂ ಕೇಡಿಲ್ಲ. ಆದ್ದರಿಂದ ಯಾವ ಸಾಧನವನ್ನೇ ಆಗಲಿ ಪರೀಕ್ಷಿಸುವಾಗ, ಅದನ್ನು ಎರಡನೆಯ ಬಾರಿ ನಡೆಸಿದರೆ ಏನೂ ಬದಲಾಗದೆ ಉಳಿಯುವುದೇ ಎಂಬುದನ್ನು ಮೊದಲು ನೋಡಬೇಕು.

ಎರಡನೆಯದಾಗಿ, ಕಟ್ಟಳೆ ಸರ್ವರನ್ನು ತಲುಪುವ ಬಗೆಯನ್ನು ಗಮನಿಸಬೇಕು. ಪಪೆಟ್‌ನಲ್ಲಿ ಪ್ರತಿ ಸರ್ವರ್‌ನಲ್ಲಿಯೂ ಒಬ್ಬ ಕಾವಲುಗಾರನಂತೆ ಪುಟ್ಟ ಪ್ರೋಗ್ರಾಮೊಂದು ನೆಲೆಸಿರುತ್ತದೆ. ಅದು ಸಾಮಾನ್ಯವಾಗಿ 30 ನಿಮಿಷಗಳಿಗೊಮ್ಮೆ ಕೇಂದ್ರವನ್ನು ವಿಚಾರಿಸಿ, ಯಾರಾದರೂ ಮಾಡಿದ ಬದಲಾವಣೆಯನ್ನು ತಾನೇ ಸರಿಪಡಿಸುತ್ತದೆ. ಆನ್ಸಿಬಲ್‌ಗೆ ಇಂತಹ ಕಾವಲುಗಾರ ಬೇಕಿಲ್ಲ. ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕವೂ ಪೈಥಾನ್ ಭಾಷೆಯೂ ಇದ್ದರೆ ಸಾಮಾನ್ಯವಾಗಿ ಸಾಕು. ಅದನ್ನು ಆರಂಭಿಸುವುದು ಸುಲಭ. ಆದರೆ ಅದನ್ನು ಮತ್ತೆ ನಡೆಸುವವರೆಗೆ ಬದಲಾವಣೆ ಹಾಗೆಯೇ ಉಳಿಯುತ್ತದೆ. ಆ ಹೊತ್ತಿಗೆ ಸ್ಥಗಿತವಾಗಿದ್ದ ಸರ್ವರ್‌ಗೆ ಕಟ್ಟಳೆ ತಲುಪುವುದೇ ಇಲ್ಲ. ಸರ್ವರ್‌ಗಳು ಕೆಲವೇ ಇದ್ದು ಸಿಬ್ಬಂದಿ ಕಡಿಮೆಯಿದ್ದಲ್ಲಿ ಆನ್ಸಿಬಲ್ ಅನುಕೂಲ. ನಿರಂತರವಾದ ಕಾವಲು ಅಗತ್ಯವಾದಲ್ಲಿ ಪಪೆಟ್ ಅಥವಾ ಸಿಎಫ್‌ಎಂಜಿನ್ ಮೇಲು.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ಸರಿಯಾದ ಕಟ್ಟಳೆ ಎಷ್ಟು ಬೇಗ ಎಲ್ಲೆಡೆ ಹರಡುವುದೋ ತಪ್ಪು ಕಟ್ಟಳೆಯೂ ಅಷ್ಟೇ ಬೇಗ ಹರಡುತ್ತದೆ. ಆದುದರಿಂದ ಆಗುವ ಬದಲಾವಣೆಗಳನ್ನು ಮುಂಚಿತವಾಗಿ ತೋರಿಸುವ ಸೌಲಭ್ಯ ಸಾಧನದಲ್ಲಿರಬೇಕು. ಮೊದಲು ಒಂದೆರಡು ಸರ್ವರ್‌ಗಳಲ್ಲಿ ಪ್ರಯೋಗಿಸಿ, ಅನಂತರ ಉಳಿದವುಗಳಿಗೆ ವಿಸ್ತರಿಸುವುದು ವಿವೇಕ. ಸಾಧನವು ಶ್ರಮವನ್ನು ಕಡಿಮೆ ಮಾಡಬಲ್ಲುದು, ಜವಾಬ್ದಾರಿಯನ್ನಲ್ಲ.