ಕಂಪನಿ ಮುಚ್ಚಿದರೂ ಉಳಿಯುವ ಬಳಗ: ವಿಡಿಯೋ ಗೇಮ್ ತಯಾರಕರ ಸ್ಥಳೀಯ ಸಂಘಟನೆ ನಡೆಯುವುದು ಹೇಗೆ?

2012ರ ಮೇ 24ರಂದು ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿದ್ದ 38 ಸ್ಟುಡಿಯೋಸ್ ಎಂಬ ವಿಡಿಯೋ ಗೇಮ್ ಕಂಪನಿ ತನ್ನ ನೌಕರರೆಲ್ಲರನ್ನೂ ಒಂದೇ ದಿನ, ಇ-ಮೇಲ್ ಮೂಲಕ ಕೆಲಸದಿಂದ ತೆಗೆದುಹಾಕಿತು. ಮಾಜಿ ಬೇಸ್‌ಬಾಲ್ ಆಟಗಾರ ಕರ್ಟ್ ಶಿಲ್ಲಿಂಗ್ ಕಟ್ಟಿದ್ದ ಈ ಕಂಪನಿಯನ್ನು ನೆರೆಯ ಮ್ಯಾಸಚೂಸೆಟ್ಸ್‌ನಿಂದ ತನ್ನ ನೆಲಕ್ಕೆ ಕರೆತರಲು ರೋಡ್ ಐಲೆಂಡ್ ರಾಜ್ಯವು 7.5 ಕೋಟಿ ಡಾಲರ್ ಸಾಲಕ್ಕೆ ಖಾತರಿ ನೀಡಿತ್ತು. ಕಂಪನಿಯ ಮೊದಲ ಆಟ ಮಾರುಕಟ್ಟೆಗೆ ಬಂದು ಆಗಿನ್ನೂ ನಾಲ್ಕು ತಿಂಗಳೂ ತುಂಬಿರಲಿಲ್ಲ. ಕೆಲಸವನ್ನು ನಂಬಿ ಸಂಸಾರ ಸಮೇತ ಊರು ಬದಲಿಸಿದವರು ಬೀದಿಗೆ ಬಿದ್ದರು.

ಇಂಥ ಹೊತ್ತಿನಲ್ಲಿ ಕೈಹಿಡಿಯುವವರು ಯಾರು? ಮುಚ್ಚಿಹೋದ ಕಂಪನಿಯಂತೂ ಅಲ್ಲ. ಸಾಲದ ಲೆಕ್ಕದಲ್ಲಿ ಮುಳುಗಿದ ಸರಕಾರಕ್ಕೂ ಅದಕ್ಕೆ ಪುರುಸೊತ್ತಿರುವುದಿಲ್ಲ. ಮೊದಲು ನೆರವಿಗೆ ಬರುವವರು ಅದೇ ಕಸುಬಿನ ಪರಿಚಯಸ್ಥರು: ಯಾವ ಸ್ಟುಡಿಯೋದಲ್ಲಿ ಜಾಗ ಖಾಲಿಯಿದೆಯೆಂದು ಬಲ್ಲವರು, ಇವರ ಕೈಚಳಕವನ್ನು ಕಣ್ಣಾರೆ ಕಂಡವರು. ಆ ಪರಿಚಯ ಸಂಕಟ ಬಂದ ದಿನ ಹುಟ್ಟುವುದಿಲ್ಲ. ಅದನ್ನು ವರ್ಷಗಟ್ಟಲೆ ಕೂಡಿಸಿಡುವ ವ್ಯವಸ್ಥೆಯೇ ಗೇಮ್ ತಯಾರಕರ ಸ್ಥಳೀಯ ಬಳಗ.

ಬಾಸ್ಟನ್ನಿನ ಪಾಠ

ಪ್ರಾವಿಡೆನ್ಸ್‌ನಿಂದ ರಸ್ತೆಯಲ್ಲಿ ಸುಮಾರು ಒಂದು ಗಂಟೆಯ ಹಾದಿ ಬಾಸ್ಟನ್. ಅಲ್ಲಿ 1997ರಲ್ಲಿ ‘ಬಾಸ್ಟನ್ ಪೋಸ್ಟ್‌ಮಾರ್ಟಮ್’ ಎಂಬ ಮಾಸಿಕ ಕೂಟ ಆರಂಭವಾಯಿತು. ಹೆಸರು ಕೇಳಿ ಗಾಬರಿಪಡಬೇಕಿಲ್ಲ. ಆಟವೊಂದು ಮುಗಿದು ಮಾರುಕಟ್ಟೆಗೆ ಬಂದ ಮೇಲೆ ಅದರ ತಯಾರಿಕೆಯಲ್ಲಿ ಸರಿಹೋದದ್ದೇನು, ಕೆಟ್ಟದ್ದೇನು ಎಂದು ಬಿಚ್ಚಿ ನೋಡುವುದಕ್ಕೆ ಗೇಮ್ ಲೋಕದಲ್ಲಿ ಇರುವ ಹೆಸರೇ ಅದು. 1994ರಿಂದ 2013ರವರೆಗೆ ಪ್ರಕಟವಾದ ‘ಗೇಮ್ ಡೆವಲಪರ್’ ಪತ್ರಿಕೆ ಈ ಬಗೆಯ ಬರಹವನ್ನು ಜನಪ್ರಿಯಗೊಳಿಸಿತ್ತು. ಬಾಸ್ಟನ್ನಿನವರು ಅದನ್ನು ಮುಖಾಮುಖಿ ಮಾತಾಗಿಸಿಕೊಂಡರು. ಮುಂದೆ ಈ ಕೂಟ ಅಂತಾರಾಷ್ಟ್ರೀಯ ಗೇಮ್ ತಯಾರಕರ ಸಂಘದ, ಅಂದರೆ ಐಜಿಡಿಎಯ, ಸ್ಥಳೀಯ ಶಾಖೆಯೂ ಆಯಿತು. ಆ ಸಂಘವನ್ನು 1994ರಲ್ಲಿ ಅರ್ನೆಸ್ಟ್ ಆಡಮ್ಸ್ ಬೇರೊಂದು ಹೆಸರಿನಲ್ಲಿ ಸ್ಥಾಪಿಸಿದ್ದರು.

ಆ ಊರಿನಲ್ಲಿ ಕಂಪನಿಗಳು ಬಂದುಹೋದ ಬಗೆಯನ್ನು ಗಮನಿಸಿ. ‘ಥೀಫ್’ ಆಟದಿಂದ ಹೆಸರಾದ ಲುಕಿಂಗ್ ಗ್ಲಾಸ್ ಸ್ಟುಡಿಯೋಸ್ 2000ದ ಮೇ ತಿಂಗಳಲ್ಲಿ ಮುಚ್ಚಿತು. ಅಲ್ಲಿಂದ ಹೊರಬಂದ ಮೂವರು 1997ರಲ್ಲಿ ಕಟ್ಟಿದ್ದ ಇರ್‍ಯಾಷನಲ್ ಗೇಮ್ಸ್ ‘ಬಯೋಶಾಕ್’ ಸರಣಿಯಿಂದ ಜಗತ್ಪ್ರಸಿದ್ಧವಾಯಿತು. 2014ರ ಫೆಬ್ರವರಿಯಲ್ಲಿ ಅದೂ ಹದಿನೈದು ಮಂದಿಯನ್ನು ಮಾತ್ರ ಉಳಿಸಿಕೊಂಡು ಉಳಿದವರನ್ನು ಬಿಟ್ಟುಕೊಟ್ಟಿತು. ಕಾಲೇಜುಗಳೂ ಇದಕ್ಕೆ ಹೊರತಲ್ಲ. ರಾಜ್ಯದ ಗೇಮ್ ಶಿಕ್ಷಣ ಸಂಸ್ಥೆ ಮ್ಯಾಸ್‌ಡಿಜಿಗೆ 2011ರಿಂದ ಆಸರೆಯಾಗಿದ್ದ ಬೆಕರ್ ಕಾಲೇಜು 2021ರಲ್ಲಿ ಬಾಗಿಲು ಹಾಕಿತು. ಸಂಸ್ಥೆ ಬೇರೆ ವಿಶ್ವವಿದ್ಯಾಲಯದ ಆಶ್ರಯಕ್ಕೆ ಹೋಗಬೇಕಾಯಿತು. ಇಷ್ಟೆಲ್ಲದರ ನಡುವೆ, ಸ್ವಂತ ಕಟ್ಟಡವಾಗಲಿ ಸಂಬಳದ ಸಿಬ್ಬಂದಿಯಾಗಲಿ ಇಲ್ಲದ ತಿಂಗಳ ಕೂಟ ಎರಡು ದಶಕ ದಾಟಿ ನಡೆದುಬಂತು. ಸ್ಟುಡಿಯೋದ ಆಯುಸ್ಸು ಒಂದು ಆಟದ ಗೆಲುವು ಸೋಲಿಗೆ ಕಟ್ಟುಬಿದ್ದಿರುತ್ತದೆ. ಬಳಗಕ್ಕೆ ಆ ಹಂಗಿಲ್ಲ.

ಮೊದಲು ದಿನ, ಆಮೇಲೆ ಸ್ಥಳ

ಬಳಗ ಕಟ್ಟಹೊರಟವರು ಸಾಮಾನ್ಯವಾಗಿ ಮಾಡುವ ಮೊದಲ ತಪ್ಪೆಂದರೆ ಆಡಂಬರದ ಉದ್ಘಾಟನೆ. ಮೊದಲ ಸಭೆಗೆ ಎಂಬತ್ತು ಜನ, ಎರಡನೆಯದಕ್ಕೆ ಮೂವತ್ತು, ಮೂರನೆಯ ಸಭೆ ಎಂದು ನಡೆಯುವುದೋ ಯಾರಿಗೂ ತಿಳಿಯದು. ಇದರ ಬದಲು ‘ಪ್ರತಿ ತಿಂಗಳ ಎರಡನೆಯ ಶನಿವಾರ, ಸಂಜೆ ನಾಲ್ಕಕ್ಕೆ’ ಎಂದು ಗೊತ್ತುಮಾಡಿ, ಐದೇ ಮಂದಿ ಬಂದರೂ ಅಂದೇ ಸೇರುವುದು ಲೇಸು. ಆಹ್ವಾನ ಪತ್ರಿಕೆ ತಲುಪದವನಿಗೂ ದಿನ ಗೊತ್ತಿರುತ್ತದೆ. ಆರು ತಿಂಗಳು ಬಾರದಿದ್ದವನು ಕೂಡ ಸಂಕೋಚವಿಲ್ಲದೆ ಮರಳಬಹುದು. ಬಳಗದ ಬಗೆಗಿನ ನಂಬಿಕೆ ಹುಟ್ಟುವುದು ಈ ನಿಯಮದಿಂದಲೇ.

ಸ್ಥಳದ ಆಯ್ಕೆಯಲ್ಲಿ ಎರಡು ಅಂಶ ಮುಖ್ಯ. ಹೊಸಬರು ಯಾರ ಅಪ್ಪಣೆಯೂ ಇಲ್ಲದೆ ಒಳಬರುವಂತಿರಬೇಕು. ಕಂಪನಿಯೊಂದರ ಕಚೇರಿಯಲ್ಲಿ ಸೇರಿದರೆ ಗೇಟಿನ ಬಳಿ ಗುರುತಿನ ಚೀಟಿ ಕೇಳುತ್ತಾರೆ, ಎದುರಾಳಿ ಕಂಪನಿಯವರು ಬರಲು ಹಿಂಜರಿಯುತ್ತಾರೆ. ಎರಡನೆಯದು, ಮನೆಗೆ ಮರಳುವ ದಾರಿ. ಬೆಂಗಳೂರಿನಂಥ ಊರಿನಲ್ಲಿ ವೈಟ್‌ಫೀಲ್ಡಿನವರು ಸಂಜೆಯ ವಾಹನ ದಟ್ಟಣೆ ದಾಟಿ ರಾಜಾಜಿನಗರಕ್ಕೆ ಬಂದಾರೆಂದು ನಿರೀಕ್ಷಿಸುವುದು ಕಷ್ಟ. 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ನೇರಳೆ ಮೆಟ್ರೋ ಮಾರ್ಗ ಪೂರ್ಣಗೊಂಡ ಮೇಲೆ, ನಿಲ್ದಾಣಕ್ಕೆ ನಡೆದುಹೋಗುವಷ್ಟು ದೂರದ ಗ್ರಂಥಾಲಯವೋ ಕಾಲೇಜು ಕೊಠಡಿಯೋ ಉತ್ತಮ ಆಯ್ಕೆ. ಬಾಸ್ಟನ್ನಿನವರು ಬಹುಕಾಲ ಪಬ್ಬಿನಲ್ಲಿ ಸೇರುತ್ತಿದ್ದರು. ನಮ್ಮಲ್ಲಿ ಅದರಿಂದ ವಿದ್ಯಾರ್ಥಿಗಳೂ ತಡರಾತ್ರಿ ಒಂಟಿಯಾಗಿ ಮರಳಲಾಗದವರೂ ಹೊರಗುಳಿಯುತ್ತಾರೆ.

ಸಭೆಯಲ್ಲಿ ಮಾಡುವುದೇನು?

ಗಣ್ಯರ ಭಾಷಣ ಕೇಳಿ ಚಪ್ಪಾಳೆ ತಟ್ಟಿ ಹೋಗುವ ಸಭೆಗಳು ಬೇಗನೆ ಸೊರಗುತ್ತವೆ. ಬಾಳಿಕೆ ಬರುವ ಬಳಗಗಳಲ್ಲಿ ಎರಡು ಕೆಲಸ ತಪ್ಪದೆ ನಡೆಯುತ್ತವೆ.

ಮೊದಲನೆಯದು, ಪೂರ್ತಿಯಾಗದ ಆಟವನ್ನು ಅಪರಿಚಿತರಿಂದ ಆಡಿಸಿ ನೋಡುವುದು. ಇದರ ನಿಯಮ ಸರಳ, ಪಾಲನೆ ಮಾತ್ರ ಕಠಿಣ: ಆಡುವವನ ಕೈಗೆ ಆಟ ಕೊಟ್ಟ ಮೇಲೆ ತಯಾರಕ ಬಾಯಿ ಬಿಡಕೂಡದು. ‘ಅಲ್ಲಿ ಬಾಗಿಲಿದೆ, ಅದನ್ನು ಒತ್ತಿ’ ಎನ್ನುವ ತುಡಿತವನ್ನು ಅದುಮಿಕೊಂಡು ಆತ ಎಲ್ಲಿ ತಡವರಿಸಿದ, ಎಲ್ಲಿ ಬೇಸರಿಸಿ ಕೈಬಿಟ್ಟ ಎಂದು ಬರೆದುಕೊಳ್ಳಬೇಕು. ನಾಳೆ ಆಟ ಕೊಂಡವನ ಪಕ್ಕದಲ್ಲಿ ವಿವರಿಸಲು ಯಾರೂ ಕುಳಿತಿರುವುದಿಲ್ಲವಲ್ಲ. ಒಬ್ಬಂಟಿಯಾಗಿ ಎರಡು ವರ್ಷ ದುಡಿದವನಿಗೆ ತನ್ನ ಆಟದ ಕುಂದು ಕಾಣದು. ಹತ್ತು ನಿಮಿಷ ಆಡಿದ ಅಪರಿಚಿತ ಅದನ್ನು ತೋರಿಸಿಕೊಡುತ್ತಾನೆ.

ಎರಡನೆಯದು, ಸೋಲನ್ನು ಬಿಚ್ಚಿ ಹೇಳುವುದು. ಕೆಲಸದ ಅಂದಾಜು ಎಲ್ಲಿ ತಪ್ಪಿತು, ಪ್ರಕಾಶಕರ ಕರಾರಿನ ಯಾವ ಷರತ್ತು ಕುತ್ತಿಗೆಗೆ ಬಂತು, ಎಷ್ಟು ಪ್ರತಿ ಮಾರಿದವು ಎಂಬ ಸಂಗತಿಗಳು ಯಾವ ಪಠ್ಯಪುಸ್ತಕದಲ್ಲೂ ಸಿಗುವುದಿಲ್ಲ. ಆದರೆ ಸೋಲನ್ನು ಹೇಳಿಕೊಂಡವನಿಗೆ ಅವಮಾನವಾಗದು ಎಂಬ ಭರವಸೆ ಬೇಕು. ಸಂಚಾಲಕರೇ ಮೊದಲು ತಮ್ಮ ಕೆಟ್ಟ ಆಟವನ್ನು ಮುಂದಿಟ್ಟರೆ ಉಳಿದವರ ನಾಲಗೆ ಸಡಿಲವಾಗುತ್ತದೆ. ಇದು ಕನ್ನಡಿಗರಿಗೆ ಹೊಸದೇನಲ್ಲ. 1949ರಲ್ಲಿ ಹುಟ್ಟಿದ ಹೆಗ್ಗೋಡಿನ ನೀನಾಸಂನ ಸಂಸ್ಕೃತಿ ಶಿಬಿರದಲ್ಲಿ ಹಿಂದಿನ ರಾತ್ರಿ ನೋಡಿದ ನಾಟಕವನ್ನು ಮರುದಿನ ಬೆಳಿಗ್ಗೆ ಎಲ್ಲರೂ ಕುಳಿತು ಚರ್ಚಿಸುವ ಪದ್ಧತಿಯುಂಟು. ಗೇಮ್ ಬಳಗಕ್ಕೂ ಬೇಕಾದದ್ದು ಅದೇ ಶಿಸ್ತು.

ನಲವತ್ತೆಂಟು ಗಂಟೆಗಳ ಹಬ್ಬ

ಪ್ರತಿ ತಿಂಗಳ ಸಭೆ ಬಳಗದ ನಿತ್ಯದ ಊಟವಾದರೆ ‘ಗೇಮ್ ಜಾಮ್’ ಹಬ್ಬದೂಟ. ಕೊಟ್ಟ ವಿಷಯದ ಮೇಲೆ, ನಿಗದಿತ ಅವಧಿಯಲ್ಲಿ, ಆಗಷ್ಟೇ ಪರಿಚಯವಾದವರು ತಂಡ ಕಟ್ಟಿ ಒಂದು ಪುಟ್ಟ ಆಟ ತಯಾರಿಸುವುದೇ ಜಾಮ್. ಕೋಪನ್‌ಹೇಗನ್ನಿನಲ್ಲಿ 2006ರಿಂದ ನಡೆಯುತ್ತಿದ್ದ ನಾರ್ಡಿಕ್ ಗೇಮ್ ಜಾಮ್‌ನ ಸ್ಫೂರ್ತಿಯಿಂದ 2009ರ ಜನವರಿಯಲ್ಲಿ ಗ್ಲೋಬಲ್ ಗೇಮ್ ಜಾಮ್ ಆರಂಭವಾಯಿತು. ಮೊದಲ ವರ್ಷ 23 ದೇಶಗಳ 53 ಸ್ಥಳಗಳಲ್ಲಿ ನಡೆದ ಈ ಕಾರ್ಯಕ್ರಮ 2020ರ ಹೊತ್ತಿಗೆ 900ಕ್ಕೂ ಹೆಚ್ಚು ಸ್ಥಳಗಳಿಗೆ ಹಬ್ಬಿತ್ತು. ಪ್ರತಿಯೊಂದು ಸ್ಥಳವನ್ನೂ ನಡೆಸುವವರು ಆಯಾ ಊರಿನ ಬಳಗ ಅಥವಾ ಕಾಲೇಜಿನವರೇ.

2013ರಲ್ಲಿ ಕೊಟ್ಟ ವಿಷಯ ಅಕ್ಷರಗಳಲ್ಲಿ ಇರಲಿಲ್ಲ. ಹೃದಯ ಬಡಿತದ ಸದ್ದನ್ನು ಮಾತ್ರ ಕೇಳಿಸಲಾಯಿತು. ಅದನ್ನು ಕೇಳಿ ಬ್ರಿಟನ್ನಿನ ಬೋಸಾ ಸ್ಟುಡಿಯೋಸ್‌ನ ತಂಡ, ನಡುಗುವ ಕೈಯ ವೈದ್ಯನೊಬ್ಬ ಹೃದಯದ ಶಸ್ತ್ರಚಿಕಿತ್ಸೆ ಮಾಡುವ ನಗೆಯಾಟವನ್ನು ಎರಡೇ ದಿನಗಳಲ್ಲಿ ಹೆಣೆಯಿತು. ‘ಸರ್ಜನ್ ಸಿಮ್ಯುಲೇಟರ್’ ಎಂಬ ಹೆಸರಿನಲ್ಲಿ ಅದೇ ವರ್ಷ ಮಾರುಕಟ್ಟೆಗೆ ಬಂದ ಅದು ಲೋಕವಿಖ್ಯಾತವಾಯಿತು. ಜಾಮ್‌ನಲ್ಲಿ ಹುಟ್ಟಿದ ಬಹುಪಾಲು ಆಟಗಳನ್ನು ಸೋಮವಾರದ ನಂತರ ಯಾರೂ ಆಡುವುದಿಲ್ಲ ಎಂಬುದೂ ನಿಜ. ಆದರೆ ಒತ್ತಡದಲ್ಲಿ ಯಾರು ಸಹನೆಯಿಂದ ಕೆಲಸ ಮಾಡುತ್ತಾರೆ, ಯಾರು ಹೇಳಿದ ಹೊತ್ತಿಗೆ ಮುಗಿಸುತ್ತಾರೆ ಎಂಬ ತಿಳಿವಳಿಕೆ ಉಳಿಯುತ್ತದೆ. ಮುಂದಿನ ಕಂಪನಿಗಳು ಹುಟ್ಟುವುದು ಅಂಥ ಪರಿಚಯಗಳಿಂದ. ಸಂಚಾಲಕರು ಮರೆಯಬಾರದ ಮಾತೊಂದಿದೆ: ನಿದ್ದೆಗೆಡುವುದನ್ನು ಶೌರ್ಯವೆಂದು ಹೊಗಳಬಾರದು. ಮಲಗಲು ಜಾಗ, ಹೊತ್ತಿಗೆ ಊಟ, ಸಾಕಷ್ಟು ವಿದ್ಯುತ್ ಪ್ಲಗ್‌ಗಳು, ಬಹುಮಾನಕ್ಕಿಂತ ಇವು ಮುಖ್ಯ.

ದುಡ್ಡು ಮತ್ತು ದಾಕ್ಷಿಣ್ಯ

ಚಹಾ ಬಿಸ್ಕತ್ತಿನ ಖರ್ಚು ಸದಸ್ಯರ ಕೈಯಿಂದಲೇ ಹೊರಡಬಹುದು. ಜಾಮ್‌ಗೆ ಪ್ರಾಯೋಜಕರು ಬೇಕಾಗುತ್ತಾರೆ. ಅಲ್ಲಿ ಎಚ್ಚರ ಅಗತ್ಯ. ಒಬ್ಬನೇ ಪ್ರಾಯೋಜಕನ ಹಂಗಿನಲ್ಲಿರುವ ಬಳಗ ಆತನ ತಂತ್ರಾಂಶದ ಜಾಹೀರಾತಾಗಿ ಬಿಡುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಗೇಮ್ ತಯಾರಿಕೆಯ ಪ್ರಮುಖ ತಂತ್ರಾಂಶ ಯೂನಿಟಿ, ಆಟದ ಪ್ರತಿ ಅಳವಡಿಕೆಗೂ ಶುಲ್ಕ ವಿಧಿಸುವುದಾಗಿ ಪ್ರಕಟಿಸಿ ಜಗತ್ತಿನಾದ್ಯಂತ ತಯಾರಕರ ಆಕ್ರೋಶಕ್ಕೆ ಗುರಿಯಾಯಿತು. ಒಂದು ವರ್ಷದ ಬಳಿಕ ಅದನ್ನು ಹಿಂತೆಗೆದುಕೊಂಡಿತು. ಇಂಥ ಸಂದರ್ಭದಲ್ಲಿ ಮುಲಾಜಿಲ್ಲದೆ ಚರ್ಚಿಸಬಲ್ಲ ಬಳಗಕ್ಕೆ ಮಾತ್ರ ಬೆಲೆ.

ಹಣ ಒಬ್ಬರ ಖಾಸಗಿ ಖಾತೆಯಲ್ಲಿ ಉಳಿಯುವುದೂ ಸಲ್ಲದು. ಚಟುವಟಿಕೆ ಬೆಳೆದಾಗ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಳ್ಳಬಹುದು. ಅದಕ್ಕೆ ಕನಿಷ್ಠ ಏಳು ಮಂದಿ ಬೇಕು. ನೋಂದಣಿಯಾಗದಿದ್ದರೂ ಪ್ರತಿ ಸಭೆಯ ಜಮಾಖರ್ಚನ್ನು ಎಲ್ಲರೆದುರು ಓದಿದರೆ ಅರ್ಧ ಜಗಳ ತಪ್ಪಿದಂತೆ.

ನಡವಳಿಕೆಯ ನಿಯಮಗಳ ಮಾತೂ ಇಲ್ಲೇ ಬರುತ್ತದೆ. ಪುರುಷರೇ ತುಂಬಿದ ಕೋಣೆಗೆ ಒಬ್ಬಳೇ ಕಾಲಿಡುವ ಹುಡುಗಿಗೆ, ಕಿರುಕುಳವಾದರೆ ಯಾರಿಗೆ ಹೇಳಬೇಕೆಂಬುದು ಮೊದಲೇ ಗೊತ್ತಿರಬೇಕು. ಕೆನಡಾದ ಟೊರಾಂಟೋದಲ್ಲಿ 2012ರಲ್ಲಿ ‘ಡೇಮ್ಸ್ ಮೇಕಿಂಗ್ ಗೇಮ್ಸ್’ ಎಂಬ ಪ್ರತ್ಯೇಕ ಬಳಗ ಹುಟ್ಟಿದ್ದು ಮಹಿಳೆಯರಿಗೆ ಅಂಥ ಜಾಗ ಬೇಕಾಗಿದ್ದುದರಿಂದಲೇ. ತಪ್ಪು ಮಾಡಿದವನು ಹಳೆಯ ಗೆಳೆಯನೆಂಬ ದಾಕ್ಷಿಣ್ಯಕ್ಕೆ ಸುಮ್ಮನಾದರೆ, ದೂರು ಕೊಟ್ಟವಳಷ್ಟೇ ಅಲ್ಲ, ಅದನ್ನು ಕಂಡ ಇನ್ನೂ ಹತ್ತು ಮಂದಿ ಸದ್ದಿಲ್ಲದೆ ದೂರವಾಗುತ್ತಾರೆ.

ನಮ್ಮ ನೆಲದಲ್ಲಿ

ಬಾಸ್ಟನ್ನಿನ ಕೂಟ ಹುಟ್ಟಿದ 1997ರಲ್ಲೇ ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರ ಧ್ರುವ ಇಂಟರ್‌ಆ್ಯಕ್ಟಿವ್ ಆರಂಭವಾಯಿತು. ಭಾರತದ ಮೊದಲ ಗೇಮ್ ಸ್ಟುಡಿಯೋಗಳಲ್ಲಿ ಒಂದಾದ ಅದು ವಿದೇಶಿ ಆಟಗಳಿಗೆ ಚಿತ್ರಕಲೆ ಒದಗಿಸಿ ಬೆಳೆಯಿತು, ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕಂಪನಿಯ ಪಾಲಾಯಿತು, 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್‌ನಲ್ಲಿ ಲೀನವಾಯಿತು. ಕಂಪನಿಯ ಹೆಸರು ಅಳಿಯಿತು. ಅಲ್ಲಿ ಕೈ ಪಳಗಿಸಿಕೊಂಡವರು ಉದ್ಯಮದಲ್ಲಿ ಉಳಿದರು.

ಆದರೆ ನಮ್ಮಲ್ಲೊಂದು ವಿಶೇಷ ತೊಡಕಿದೆ. ಹೊರಗುತ್ತಿಗೆಯ ಕೆಲಸವೆಲ್ಲ ಗೋಪ್ಯತೆಯ ಕರಾರಿನಡಿ ನಡೆಯುತ್ತದೆ. ಜಗತ್ತು ಆಡುವ ಆಟವೊಂದರ ಕಾರನ್ನೋ ಕೋಟೆಯನ್ನೋ ರೂಪಿಸಿದ ಕಲಾವಿದ, ಅದು ತನ್ನದೆಂದು ಗೆಳೆಯರೆದುರೂ ಹೇಳುವಂತಿಲ್ಲ. ಸ್ಟುಡಿಯೋ ಮುಚ್ಚಿದರೆ ಆತನ ಹತ್ತು ವರ್ಷದ ದುಡಿಮೆಗೆ ಸಾಕ್ಷಿಯೇ ಇರುವುದಿಲ್ಲ. 2023 ಮತ್ತು 2024ರಲ್ಲಿ ಜಾಗತಿಕ ಗೇಮ್ ಉದ್ಯಮದಲ್ಲಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡುದನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ. ಬಳಗ ಆತನಿಂದ ಕಂಪನಿಯ ಗುಟ್ಟು ಕೇಳಬಾರದು. ಕಸುಬಿನ ಸಾಮಾನ್ಯ ವಿಧಾನಗಳನ್ನು ಕಲಿಸಲು, ಬಿಡುವಿನಲ್ಲಿ ಮಾಡಿದ ಸ್ವಂತ ಪುಟ್ಟ ಆಟವನ್ನು ತೋರಿಸಲು ವೇದಿಕೆ ಕೊಟ್ಟರೆ ಸಾಕು; ಆತನ ಹೆಸರಿಗೊಂದು ಗುರುತು ದೊರೆಯುತ್ತದೆ.

ಇನ್ನೊಂದು ಹೊಣೆಯೂ ಇದೆ. ಹಣ ಪಣವಿಡುವ ರಮ್ಮಿಯೂ ‘ಗೇಮಿಂಗ್’, ಕಥೆ ಹೇಳುವ ಆಟವೂ ‘ಗೇಮಿಂಗ್’ ಎಂಬ ಗೊಂದಲದಿಂದ ಎಷ್ಟೋ ಮನೆಗಳಲ್ಲಿ ಈ ವೃತ್ತಿಯ ಮಾತೆತ್ತುವುದೇ ಕಷ್ಟ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣದಾಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಹಾಗೂ ಸಾಮಾಜಿಕ ಆಟಗಳನ್ನು ಬೇರೆ ವರ್ಗಗಳಾಗಿ ಗುರುತಿಸಿತು. ಆ ವ್ಯತ್ಯಾಸವನ್ನು ಪೋಷಕರಿಗೆ ಮನಗಾಣಿಸಲು ವರ್ಷಕ್ಕೊಮ್ಮೆ ಸಾರ್ವಜನಿಕರನ್ನು ಕರೆದು ಆಟ ಆಡಿಸುವುದಕ್ಕಿಂತ ಒಳ್ಳೆಯ ದಾರಿಯಿಲ್ಲ. ರಾಜ್ಯ ಸರಕಾರ 2012ರಲ್ಲೇ ಅನಿಮೇಷನ್ ಮತ್ತು ಗೇಮಿಂಗ್ ನೀತಿ ರೂಪಿಸಿತ್ತು. 2024ರಿಂದ 29ರವರೆಗಿನ ಹೊಸ ನೀತಿಯೂ ಬಂದಿದೆ. ನೀತಿ ಉದ್ಯಮಕ್ಕೆ ಹಣ, ಕಟ್ಟಡ ಕೊಡಬಲ್ಲದು. ಹುಬ್ಬಳ್ಳಿಯ ವಿದ್ಯಾರ್ಥಿಯೊಬ್ಬ ತನ್ನ ಮೊದಲ ಆಟ ತೋರಿಸಲು ಹೋಗಬಹುದಾದ ಶನಿವಾರದ ಕೋಣೆಯನ್ನು ಅಲ್ಲಿನವರೇ ತೆರೆಯಬೇಕು.

ಕುರ್ಚಿ ಬಿಡುವ ಕಲೆ

ಬಳಗಗಳು ಸಾಯುವುದು ಬಹುತೇಕ ಒಂದೇ ಕಾರಣಕ್ಕೆ: ಎಲ್ಲವನ್ನೂ ಒಬ್ಬರೇ ಹೊತ್ತು, ಒಂದು ದಿನ ಬಳಲಿ ಕೂರುತ್ತಾರೆ. ಅವರಿಗೆ ಮದುವೆಯಾಗುತ್ತದೆ, ಪರದೇಶದಲ್ಲಿ ಕೆಲಸ ಸಿಗುತ್ತದೆ, ಇಲ್ಲವೇ ಸ್ವಂತ ಆಟದ ಗಡುವು ಸಮೀಪಿಸುತ್ತದೆ. ಸದಸ್ಯರ ಪಟ್ಟಿ, ಸಭಾಂಗಣದವರ ದೂರವಾಣಿ, ಖಾತೆಗಳ ಗುಪ್ತಪದ ಎಲ್ಲವೂ ಅವರೊಂದಿಗೇ ಹೋಗುತ್ತವೆ. ಇದಕ್ಕೆ ಮದ್ದು ಮೊದಲ ವರ್ಷದಿಂದಲೇ ಆಗಬೇಕು. ಕೆಲಸ ಮೂವರಲ್ಲಿ ಹಂಚಿರಬೇಕು, ಕೀಲಿಕೈ ಇಬ್ಬರ ಬಳಿಯಾದರೂ ಇರಬೇಕು, ಎರಡು ವರ್ಷಕ್ಕೊಮ್ಮೆ ಸಂಚಾಲಕರು ಬದಲಾಗಬೇಕು. ಸ್ಥಾಪಕರು ಊರಲ್ಲಿರುವಾಗಲೇ ಒಂದು ಸಭೆ ಅವರಿಲ್ಲದೆ ನಡೆಯಲಿ. ಅದು ಸುಗಮವಾಗಿ ಸಾಗಿದರೆ ಬಳಗ ಬೇರುಬಿಟ್ಟಿತೆಂದೇ ಅರ್ಥ.

ಆಟ ತಯಾರಿಸುವುದು ಅನಿಶ್ಚಿತ ಕಸುಬು. ಯಾವ ಸ್ಟುಡಿಯೋ ಯಾವ ಬೆಳಿಗ್ಗೆ ಇ-ಮೇಲ್ ಕಳುಹಿಸುತ್ತದೆಂದು ಬಲ್ಲವರಿಲ್ಲ. ಆ ಸಂದೇಶ ಓದಿದವನಿಗೆ ಮುಂದಿನ ಎರಡನೆಯ ಶನಿವಾರ ಎಲ್ಲಿಗೆ ಹೋಗಬೇಕೆಂದು ತಿಳಿದಿದ್ದರೆ, ಅಲ್ಲಿ ಅವನ ಹೆಸರು ಹಿಡಿದು ಕರೆಯುವವರು ಹತ್ತು ಮಂದಿ ಇದ್ದರೆ, ಬಳಗ ಕಟ್ಟಿದ ಶ್ರಮ ಸಾರ್ಥಕ.