ಕೆಂಪು ಕಾಣುವುದು, ಕಣ್ಣು ಕೆಂಪಾಗುವುದು

ಸಿಟ್ಟಿಗೆ ಬಣ್ಣವಿದೆಯೇ? ಇದೆ ಎನ್ನುತ್ತದೆ ಭಾಷೆ. ಆದರೆ ಆ ಬಣ್ಣ ಯಾರಿಗೆ ಕಾಣುತ್ತದೆ ಎಂಬಲ್ಲಿ ಇಂಗ್ಲಿಷಿಗೂ ಕನ್ನಡಕ್ಕೂ ವ್ಯತ್ಯಾಸವಿದೆ.

ತಾಳ್ಮೆ ತಪ್ಪಿ ಒಮ್ಮೆಲೇ ರೇಗಿದವನನ್ನು ಕುರಿತು ಇಂಗ್ಲಿಷಿನಲ್ಲಿ ‘ಹೀ ಸಾ ರೆಡ್’ ಎನ್ನುತ್ತಾರೆ. ಅಕ್ಷರಶಃ ‘ಅವನು ಕೆಂಪನ್ನು ಕಂಡ’. ಈ ಮಾತನ್ನು ಸ್ಪೇನಿನ ಗೂಳಿಕಾಳಗದ ಕೆಂಪು ಬಟ್ಟೆಗೆ ಗಂಟುಹಾಕುವುದುಂಟು. ವಾಸ್ತವವಾಗಿ ಗೂಳಿಯ ಕಣ್ಣಿಗೆ ಕೆಂಪು ಸರಿಯಾಗಿ ಗೋಚರಿಸುವುದಿಲ್ಲ. ಅದನ್ನು ಕೆರಳಿಸುವುದು ಬಟ್ಟೆಯ ಬೀಸಾಟ.

ಕನ್ನಡದಲ್ಲಾದರೋ ಸಿಟ್ಟಾದವನಿಗೆ ಕೆಂಪು ಕಾಣುವುದಿಲ್ಲ. ಅವನ ಕಣ್ಣೇ ಕೆಂಪಗಾಗುತ್ತದೆ. ಅದನ್ನು ಕಾಣುವವರು ಎದುರಿಗಿರುವವರು. ಕೆಂಪಾದ ಕಣ್ಣು ‘ಕೆಂಗಣ್ಣು’ ಆಯಿತು. ‘ಮೇಲಧಿಕಾರಿಯ ಕೆಂಗಣ್ಣಿಗೆ ಗುರಿಯಾದ’ ಎಂದಾಗ ಅದು ಕ್ಷಣದ ರೋಷವಲ್ಲ, ಬಲವುಳ್ಳವರು ಉಳಿಸಿಕೊಂಡ ಅಸಮಾಧಾನ. ಆದ್ದರಿಂದ ‘ಸಾ ರೆಡ್’ ಎಂಬುದಕ್ಕೆ ಕೆಂಗಣ್ಣು ಸಮನಾಗದು. ‘ಸಿಟ್ಟು ನೆತ್ತಿಗೇರಿತು’ ಎಂಬುದೇ ಹತ್ತಿರದ ಮಾತು.

ಮೈಸೂರಿನ ಬೆಟ್ಟದ ದೇವತೆಯ ಹೆಸರಿನ ಹಿಂದೆ ಕೋಪದ ಇನ್ನೊಂದು ಬಣ್ಣವಿದೆ. ದೇವೀಮಾಹಾತ್ಮ್ಯದ ಪ್ರಕಾರ ಚಂಡ ಮುಂಡರು ಏರಿಬಂದಾಗ ದೇವಿಯ ಮುಖ ಕೋಪದಿಂದ ಮಸಿಯಂತೆ ಕಪ್ಪಾಯಿತು. ಹಣೆಯಿಂದ ಕಾಳಿ ಹೊರಬಂದಳು. ಆ ಇಬ್ಬರನ್ನೂ ಕೊಂದುದರಿಂದ ಅವಳಿಗೆ ಚಾಮುಂಡಾ ಎಂಬ ಹೆಸರು. ಆದರೆ ದಿನಬಳಕೆಯಲ್ಲಿ ‘ಮುಖ ಕಪ್ಪಿಟ್ಟಿತು’ ಎಂದರೆ ಕೋಪಕ್ಕಿಂತ ಅವಮಾನವೋ ಬೇಸರವೋ ತೋರುತ್ತದೆ. ಕಥೆಯ ಬಣ್ಣ ಒಂದು, ಮಾತಿನ ಬಣ್ಣ ಮತ್ತೊಂದು.

ಇದು ಪದಗಳ ಆಟವಷ್ಟೇ ಅಲ್ಲ. ಕನ್ನಡದಲ್ಲಿ ನುಡಿದ ಸಾಕ್ಷ್ಯ ಮೇಲಿನ ನ್ಯಾಯಾಲಯಕ್ಕೆ ಹೋಗುವಾಗ ಇಂಗ್ಲಿಷಿಗೆ ತಿರುಗಬೇಕಾಗುತ್ತದೆ. ಗಂಭೀರವೂ ಹಠಾತ್ತೂ ಆದ ಪ್ರಚೋದನೆಯಿಂದ ಹತೋಟಿ ತಪ್ಪಿ ಮಾಡಿದ ಹತ್ಯೆಯನ್ನು ಕಾನೂನು ಕೆಲವು ಷರತ್ತುಗಳಿಗೆ ಒಳಪಟ್ಟು ಕೊಲೆಯೆಂದು ಎಣಿಸುವುದಿಲ್ಲ. ಭಾರತೀಯ ದಂಡ ಸಂಹಿತೆಯ 300ನೆಯ ಕಲಮಿನಲ್ಲಿದ್ದ ಈ ವಿನಾಯಿತಿ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 101ನೆಯ ಕಲಮಿನಲ್ಲೂ ಇದೆ. ‘ಸಿಟ್ಟು ನೆತ್ತಿಗೇರಿತು’ ಎಂದವನ ಮಾತು ‘ಹಗೆ ಸಾಧಿಸುತ್ತಿದ್ದ’ ಎಂಬ ಅರ್ಥದಲ್ಲಿ ಅನುವಾದವಾದರೆ ಕ್ಷಣದ ಕೋಪ ಹಳೆಯ ದ್ವೇಷವಾಗಿಬಿಡುತ್ತದೆ.

ಮೈಸೂರು ವಿಶ್ವವಿದ್ಯಾನಿಲಯ 1946ರಲ್ಲಿ ಹೊರತಂದ ಇಂಗ್ಲಿಷ್–ಕನ್ನಡ ನಿಘಂಟಿನಂಥ ಗ್ರಂಥಗಳು ಅನುವಾದಕನಿಗೆ ಅರ್ಥ ಒದಗಿಸಬಲ್ಲವು. ಆ ಕೋಪ ಎಷ್ಟು ಹೊತ್ತಿನದು, ಯಾರದು, ಯಾರ ಮೇಲಿನದು ಎಂಬುದನ್ನು ಅವನೇ ಅಳೆದು ನೋಡಬೇಕು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದಾಗ ಬಾರದು ಎಂಬ ಗಾದೆ ಅವಸರದ ಅನುವಾದಕ್ಕೂ ಸಲ್ಲುತ್ತದೆ.